ಬೀಪ್ ಹಾಕಾಕಿ

ಬನಹಟ್ಟಿಯ ಚನಮಲ್ಲ ಜಾಡರ
ಪೆನ್‌ಡ್ರೈವಿನ್ಯಾಗ ತನ್ನ ರ್‍ಯಾಪ್ ತಂದಿದ್ದ.
ತಾಳ ಅವ್ವ ನಡಸೋ ಪವರ್‌ಲೂಮಿಂದು:
ಖಟಾಖಟ್ ಖಟಾಖಟ್, ನಡುವ ಒಮ್ಮೆ
ಎಳಿ ಹರದು ಮಗ್ಗ ನಿಂತ ಸಪ್ಪಳಿಲ್ಲದ ಹೊತ್ತು.

ನಾ ರೇಡಿಯೋದಾಗ ಬೀಪ್ ಹಾಕಾಕಿ.
ಸೂಳೆಮಗ ಅಂತ ಎರಡು ಸಲ ಬಂದಿತ್ತು,
ಅದಕ್ಕ ಕೈ ಹಾಕಿದ್ದೆ.
ಸಾಹೇಬರು ಹೆಡ್‌ಫೋನ್ ತಗದು,
"ಬೈಗುಳ ಇರಲಿ ಬಿಡವಾ, ಹುಡುಗರು ಅಂತಾವ.
ಮೀಟರಿಗೆ ಕೂಲಿ ಎಷ್ಟಂತ ಹೇಳ್ಯಾನಲ್ಲ,
ಆ ಅಂಕಿ ತಗಿ."

ತಗದೆ. ಅರ್ಧ ಸೆಕೆಂಡು. ಒಂದು ಟೂಂ.
ಅಂಕಿ ನನಗೇನು ಹೊಸಾದಲ್ಲ.
ಅಪ್ಪನ ಕೆಮ್ಮಿನ ಔಷಧದ ಚೀಟಿ ಹಿಂದ
ಅದನ್ನಽ ಗುಣಿಸಿ, ಹೊಡದು ಹಾಕಿ,
ಮತ್ತ ಗುಣಿಸಿ ಬರದಿತ್ತು.

ಶುಕ್ರವಾರ ಸಂಜಿ ಹಾಡು ಹೋತು.
ಮರುದಿನ ಚಾದಂಗಡಿ ಬೆಂಚಿನ ಮ್ಯಾಲ,
ಕಂಡಿಕಿ ಸುತ್ತೋ ಹುಡುಗ್ಯಾರ ಬಾಯಾಗ,
ಸಾಲಿ ಬಿಟ್ಟು ಬರೋ ಹುಡುಗರ ಸೈಕಲ್ ಮ್ಯಾಲ
ಅದಽ ಹಾಡು. ಆ ಜಾಗಾ ಬಂದಾಗ
ಗಲ್ಲ ಉಬ್ಬಿಸಿ ಎಲ್ಲಾರೂ ಟೂಂ ಅಂದು ನಗತಿದ್ರು.
ನನಗ ನಗಿ ಬರಲಿಲ್ಲ,
ಆ ಟೂಂ ನಂದು.

ಚನಮಲ್ಲನ ಅವ್ವ ಮಾತ್ರ, ಕೇಳೇನಿ,
ವಾರದ ಬಟವಾಡೆ ದಿನ
ಲೆಕ್ಕದವನ ಮೇಜಿನ ಮುಂದ ನಿಂತು
ಅಷ್ಟೂ ಹಾಡು ಬಿಟ್ಟು
ಅಂಕಿ ಒಂದಽ ಅಂದಳಂತ,
ಪೈಸಾ ಸಮೇತ.