ಮ್ಯೂರಿಯಲ್ ಬಫ್ಟನ್ನಳ ದಾರಿಚೀಟಿ

ಕ್ಲಬ್ಬಿನ ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ಸಿಕ್ಕಿತು:
ನೀಲಿ ಶಾಯಿ, ಓರೆ ಅಕ್ಷರ, ನಲವತ್ತೊಂದು ಮೈಲಿ.
ಬಟ್ಟೆ ಕ್ಲಿಪ್ಪಿನಿಂದ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು
ಮೇ ತಿಂಗಳ ಒಂದು ಮಂಗಳವಾರ ಹೊರಟೆ.

"ಗಿರಣಿ ದಾಟಿ ಎಡಕ್ಕೆ."
ಗಿರಣಿ ಈಗ ಯಾರದೋ ಮನೆ; ಚಕ್ರ ಇದೆ, ನೀರಿಲ್ಲ.
"ಕೆಂಪು ಕೊಟ್ಟಿಗೆ ಕಂಡರೆ ಬಲಕ್ಕೆ."
ಕೊಟ್ಟಿಗೆಗೆ ಸುಣ್ಣ ಹೊಡೆದು ಎಷ್ಟು ವರ್ಷವಾಯಿತೋ,
ಮೂಲೆಯಲ್ಲಿ ಚಕ್ಕೆ ಎದ್ದ ಕಡೆ ಮಾತ್ರ
ಹಳೇ ಗಾಯದ ಹಾಗೆ ಅಷ್ಟು ಕೆಂಪು.
ದಾಟಿ ಹೋಗಿ, ತಿರುಗಿ ಬಂದೆ.

ಹೆರಿಫರ್ಡ್‌ಷೈರಿನ ಈ ಗುಡ್ಡಗಳು ದೊಡ್ಡವೇನಲ್ಲ.
ಕಂಬಳಿ ಹೊದ್ದು ಮಲಗಿದವರ ಮೊಣಕಾಲು.
ಆದರೂ ಏರು ಏರೇ; ತೊಡೆಗೆ ಭೂಗೋಳ ಬರುವುದಿಲ್ಲ.
ಎರಡೂ ಕಡೆ ಹಾಥಾರ್ನ್ ಬೇಲಿ, ಆಳೆತ್ತರ,
ಬಿಳಿ ಹೂವಿಗೆ ಎಲ್ಲೋ ಸ್ವಲ್ಪ ಮೀನಿನ ವಾಸನೆ.
ಗೇಟು ಬಂದಲ್ಲಿ ಮಾತ್ರ ಲೋಕ ಕಾಣುತ್ತದೆ
ಒಂದು ಚೌಕದಷ್ಟು: ಕುರಿ, ಸೇಬಿನ ಸಾಲು, ಮೋಡದ ನೆರಳು.
ಮತ್ತೆ ಬೇಲಿ.

ಎದುರು ಬಂದ ಟ್ರ್ಯಾಕ್ಟರಿನವನು
ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತಿದ.
ಇಲ್ಲಿ ಅದು ದೊಡ್ಡ ಮಾತುಕತೆ.

ಚೀಟಿಯಲ್ಲಿ, ಏರಿನ ಪಕ್ಕ, ಬರೆದಿದ್ದಾಳೆ:
"ಈಗಲೇ ತಿಣುಕಬೇಡ. ಇನ್ನೂ ಹೊತ್ತಾಗಿಲ್ಲ.
ಓಕ್ ಮರ ಕಂಡ ಮೇಲೆ, ಹೂಂ, ಈಗ."
ನಗು ಬಂತು. ಯಾರು ಹೀಗೆ ದಾರಿ ಹೇಳುತ್ತಾರೆ?
ಗೇರು ಇಳಿಸಿ, ಬಾಯಲ್ಲಿ ಉಸಿರು ಬಿಡುತ್ತ, ಹತ್ತಿದೆ.

ಇನ್ನೊಂದು: ಈ ದಾರಿ ಸುಮ್ಮಸುಮ್ಮನೆ ಸುತ್ತುತ್ತದೆ.
ನೇರ ರಸ್ತೆ ಕಣ್ಣೆದುರೇ ಇದ್ದರೂ
ಕಣಿವೆಗೆ ಇಳಿದು, ಒಂದೇ ಒಂದು ಮನೆಯ ಮುಂದೆ ಹಾದು
ಮತ್ತೆ ಅದೇ ರಸ್ತೆಗೆ ಬಂದು ಸೇರುತ್ತದೆ,
ಏನೋ ಮರೆತು ಹಿಂದಿರುಗಿದವರ ಹಾಗೆ.
ಅಂತಹ ಕಡೆಯೆಲ್ಲ ಅಂಚಿನಲ್ಲಿ ಸಣ್ಣ ಅಂಕಿ:
೭–೮. ೬–೧೧. ೫–೪, ಪಕ್ಕದಲ್ಲಿ "ಹಿಮ".

ಹದಿನೆಂಟನೆಯ ಮೈಲಿ. ಚರ್ಚಿನ ಗೋಡೆಗೆ ಸೈಕಲ್ ಆನಿಸಿ
ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದೆ.
ಗೋರಿಗಳ ನಡುವೆ ಹುಲ್ಲು ಕತ್ತರಿಸುತ್ತಿದ್ದ ಮುದುಕ,
ಅಯ್ವರ್ ಗ್ವಿಲಿಯಂ ಅಂತೆ,
ಚೀಟಿಯನ್ನು ಕೈಯಳತೆ ದೂರ ಹಿಡಿದು ಓದಿದ.
"ನಮ್ಮ ನರ್ಸಮ್ಮನ ಅಕ್ಷರ. ಸೂಲಗಿತ್ತಿ.
ಸೈಕಲ್ಲಲ್ಲೇ ಬರೋಳು, ಹಿಂದೆ ಕಪ್ಪು ಚೀಲ ಕಟ್ಟಿಕೊಂಡು.
ಈ ಆರು–ಹನ್ನೊಂದು ಇದೆಯಲ್ಲ, ನಾನು.
ಆರು ಪೌಂಡು, ಹನ್ನೊಂದು ಔನ್ಸು."
ಹೊಟ್ಟೆ ತಟ್ಟಿಕೊಂಡ: "ಆಮೇಲೆ ಬೆಳೆದೆ."

ಅಲ್ಲಿಂದ ಮುಂದೆ ತಿರುವು ತಿರುವಿಗೂ
ತೂಕ ಓದುತ್ತ ಹೋದೆ.
ನಾಯಿ ಬೊಗಳಿದ ಮನೆ, ಎಂಟು ಪೌಂಡು.
ಬಾಗಿಲಿಗೆ ಹಲಗೆ ಹೊಡೆದ ಮನೆ, ಅವಳಿ.
ಯಾರ ಮೊಮ್ಮಗುವೋ, ಅಂಗಳದ ಟ್ರ್ಯಾಂಪೊಲಿನ್ ಮೇಲೆ
ಬೇಲಿಗಿಂತ ಎತ್ತರಕ್ಕೆ ಒಮ್ಮೆ ಕಂಡು, ಮಾಯವಾಗಿ, ಕಂಡು.
ದೀಪವಿಲ್ಲದ ರಾತ್ರಿ, ಇದೇ ಏರು, ಕಬ್ಬಿಣದ ಸೈಕಲ್,
ಗೇರಿದ್ದವೋ ಇಲ್ಲವೋ,
ಮೇಲೊಂದು ಕಿಟಕಿಯಲ್ಲಿ ಲಾಂದ್ರ ಕಾಯುತ್ತಿದ್ದರೆ
ಯಾವ ತೊಡೆ ತಾನೇ ಒಲ್ಲೆ ಎಂದೀತು?

ಮೂವತ್ತಮೂರನೆಯ ಮೈಲಿ. "ಇಲ್ಲಿ ಇಳಿ. ನಡೆ."
ಏರಿಲ್ಲ, ಜಲ್ಲಿಯಿಲ್ಲ, ಸಪಾಟು ರಸ್ತೆ.
ಚಿಮಣಿಯೊಂದೇ ಉಳಿದ ಮನೆ, ಒಲೆಯವರೆಗೂ ತುರಿಕೆ ಗಿಡ.
ಅಂಚಿನಲ್ಲಿ ಅಂಕಿ ಇರಲಿಲ್ಲ, ಒಂದು ಗೆರೆ;
ಗೆರೆಯ ಕೊನೆಗೆ ಪೆನ್ನು ಊರಿ ನಿಂತಲ್ಲಿ ಶಾಯಿ ಹರಡಿತ್ತು.
ಇಳಿದೆ. ನಡೆದೆ.
ಫ್ರೀವೀಲಿನ ಟಿಕ್ ಟಿಕ್ ಕೂಡ ಜಾಸ್ತಿ ಅನ್ನಿಸಿ
ಸ್ವಲ್ಪ ದೂರ ಹಿಂದಿನ ಚಕ್ರ ಎತ್ತಿ ಹಿಡಿದುಕೊಂಡೆ.

ಆಮೇಲೆ ಉದ್ದದ ಇಳಿಜಾರು, ಕಣ್ಣಲ್ಲಿ ನೀರು ಬರಿಸುವ ಗಾಳಿ,
ಚೀಟಿಯ ಕೊನೆಯ ಸಾಲು:
"ಬ್ರೇಕು ನೋಡಿಕೋ. ಕೆಳಗೆ ನಾಲ್ಕಕ್ಕೆ ಹಸು ದಾಟುತ್ತವೆ."
ಗಂಟೆ ನಾಲ್ಕೂ ಐದು. ದಾಟುತ್ತಿದ್ದವು.
ಕಾಲೂರಿ ನಿಂತೆ.
ಹಿಂದೆ ಉಳಿದ ಹಸುವೊಂದು ನನ್ನ ಮುಂದಿನ ಟೈರು ಮೂಸಿ
ಹೋಗಲೋ ಬೇಡವೋ ಎಂದು ಅಲ್ಲೇ ನಿಂತಿತು.
ಅದರ ಹೊತ್ತು ಅದಕ್ಕೆ. ಕಾದೆ.