ಹಗ್ಗಕ್ಕೆ ತೂಕವಿಲ್ಲ ಎಂದು ಭಾವಿಸಿ

ಪ್ರಶ್ನೆ ಹನ್ನೆರಡು.
ಅರವತ್ತು ಕಿಲೋ ತೂಗುವ ಒಬ್ಬಾತ
ಲಿಫ್ಟಿನೊಳಗೆ ತಕ್ಕಡಿಯ ಮೇಲೆ ನಿಂತಿದ್ದಾನೆ.
ಹಗ್ಗಕ್ಕೆ ತೂಕವಿಲ್ಲ, ರಾಟೆಗೆ ಘರ್ಷಣೆಯಿಲ್ಲ
ಎಂದು ಭಾವಿಸಿ.

ಭಾವಿಸುತ್ತೇನೆ.
ಝರಿಯಾದ ಈ ಬಸ್ತಿಯಲ್ಲಿ, ರಾತ್ರಿ ಹತ್ತೂವರೆಗೆ,
ಕರೆಂಟು ಹೋಗಿ, ಬಂದು, ಮತ್ತೆ ಹೋದಮೇಲೆ,
ನೆಲದ ಬಿರುಕಿನ ಗಂಧಕದ ವಾಸನೆ
ಚಾಪೆಯವರೆಗೂ ತೆವಳಿ ಬರುವಾಗ
ಭಾವಿಸುವುದೊಂದೇ ಪುಕ್ಕಟೆ.

ಕೇಳಿ ನಕ್ಕುಬಿಟ್ಟ ನನ್ನಪ್ಪ ಗಣೌರಿ.
"ಹಗ್ಗಕ್ಕೆ ತೂಕವಿಲ್ಲವಾ!
ಬಾ ಒಂದು ದಿನ, ನನ್ನ ಜೊತೆ ಗ್ರೀಸು ಹಚ್ಚು,
ನಿನ್ನ ಹೆಗಲು ಹೇಳುತ್ತೆ."
ಗಣಿಯವರ ಬಾಯಲ್ಲಿ ಲಿಫ್ಟು ಅಂದರೆ ಡೋಲಿ.
ಇಪ್ಪತ್ತಾರು ವರ್ಷ ದಿನಾ ಡೋಲಿ ಹತ್ತಿದವನು,
ಮದುವೆಯ ದಿನ ಮಾತ್ರ ನಡೆದೇ ಹೋದವನು.
ಅವನಿಗೆ ಎರಡನೇ ನಿಯಮ ಹೊಟ್ಟೆಯಲ್ಲಿದೆ:
"ಹೊರಡುವಾಗ ಕರುಳು ಗಂಟಲಿಗೆ ಬರುತ್ತೆ.
ನಡುವೆ ಏನೂ ಇಲ್ಲ, ಅಂಗಳದಲ್ಲಿ ನಿಂತ ಹಾಗೆ,
ಗೋಡೆ ಮಾತ್ರ ಮೇಲಕ್ಕೆ ಓಡುತ್ತೆ.
ತಳ ಬಂತು ಅಂತ ಮೊದಲು ಗೊತ್ತಾಗೋದು
ಮಂಡಿಗೆ."
ನೋಟುಬುಕ್ಕಿನ ಅಂಚಿನಲ್ಲಿ ಬರೆದುಕೊಂಡೆ:
ವೇಗೋತ್ಕರ್ಷ ಕೆಳಕ್ಕೆ, ತೂಕ ಕಮ್ಮಿ.
ಏಕರೂಪ ವೇಗ, ಇದ್ದಷ್ಟೇ ತೂಕ.
ವೇಗೋತ್ಕರ್ಷ ಮೇಲಕ್ಕೆ, ಮಂಡಿ.

ಧನಬಾದಿನ ಕೋಚಿಂಗಿನಲ್ಲಿ ಹೆಂಬ್ರಮ್ ಸರ್
ಸೀಮೆಸುಣ್ಣದಲ್ಲೊಂದು ಚೌಕ ಎಳೆಯುತ್ತಾರೆ. ಅದೇ ಮನುಷ್ಯ.
ಮೇಲೊಂದು ಬಾಣ, ಕೆಳಗೊಂದು ಬಾಣ.
"ಮುಖ ಬೇಡ, ಹೆಸರು ಬೇಡ,
ಯಾವುದು ಎಳೀತಿದೆ, ಯಾವುದು ತಳ್ತಿದೆ, ಅಷ್ಟು ಸಾಕು."
ನನ್ನ ಕೈ ಹೇಳಿದ ಮಾತು ಕೇಳದೆ
ಚೌಕದ ನೆತ್ತಿಗೊಂದು ದೀಪ ಸಿಕ್ಕಿಸುತ್ತದೆ.

ಹದಿಮೂರನೆಯದನ್ನು ಬಿಟ್ಟಿದ್ದೇನೆ.
ನಾಲ್ಕು ಮಾದರಿ ಪರೀಕ್ಷೆಗಳಲ್ಲೂ, ಅದು ಬಂದಲ್ಲೆಲ್ಲ, ಬಿಟ್ಟಿದ್ದೇನೆ.
ಹಗ್ಗ ತುಂಡಾದರೆ ತಕ್ಕಡಿ ತೋರುವ ತೂಕವೆಷ್ಟು?
ಸರ್ ಸಿಡುಕಿದರು: "ಇಷ್ಟು ಸುಲಭದ್ದು!
ತಪ್ಪಾದರೆ ಒಂದಂಕ ಹೋಗುತ್ತೆ ಅಂತ ಹೆದರಿಕೆಯಾ?"
ಹೌದು ಸರ್, ಅಂದೆ.
ಉತ್ತರ ಗೊತ್ತು. ಸ್ಲೇಟು ಹಿಡಿದ ದಿನದಿಂದ ಗೊತ್ತು
ಆ ದುಂಡನೆಯದು.
ಅದರ ಮುಂದಿನ ವೃತ್ತವನ್ನು ಕಪ್ಪು ಪೆನ್ನಿನಿಂದ
ಅಂಚು ಬಿಡದೆ ತುಂಬಬೇಕು.
ಮೇಲಿನಿಂದ ಬಗ್ಗಿ ನೋಡಿದರೆ ಏಳು ನಂಬರ್ ಬಾವಿಯ ಬಾಯಿ
ಹಾಗೇ ಕಾಣುತ್ತದೆ.

ಅಪ್ಪನಿಗೆ ಓದು ಬಾರದು, ಖಾಲಿ ಗೊತ್ತಾಗುತ್ತದೆ.
ಕಪ್ಪು ಚುಕ್ಕಿಗಳ ನಡುವೆ ಬಿಳಿ ಉಳಿದ ಒಂದು ಸಾಲನ್ನು
ಹಾಜರಿಯ ಹಲಗೆಯಲ್ಲಿ ತೂಗುಹಾಕದ ಬಿಲ್ಲೆಯ ಮೊಳೆಯಂತೆ ನೋಡಿ
"ಇದ್ಯಾಕೆ?" ಅಂದ.
ಓದಿ ಹೇಳಿದೆ.

ಸತ್ತು ಕಲಸಿದ ನೀರು ಪೂರ್ತಿ ಕುಡಿದ. ಲೋಟ ತೊಳೆದಿಟ್ಟ.
ಮಂಚದ ಕೆಳಗಿಂದ ಗೇಣುದ್ದದ ಉಕ್ಕಿನ ಹಗ್ಗ ತೆಗೆದ.
"ಆರು ತಿಂಗಳಿಗೊಮ್ಮೆ ತುದಿ ಕತ್ತರಿಸಿ, ಬಿಚ್ಚಿ ನೋಡ್ತೀವಿ.
ನೂರ ಹದಿನಾಲ್ಕು ತಂತಿ. ಎಣಿಸೋನು ನಾನು.
ಮನುಷ್ಯರು ಹತ್ತಿದರೆ ಮೂರು ಸಲ ಗಂಟೆ ಬಡೀಬೇಕು.
ಮೂರು ಕೇಳಿದರೆ ಇಂಜಿನ್ನಿನವನು ಬೀಡಿ ಕೆಳಗಿಡ್ತಾನೆ.
ನಿನ್ನ ಲೆಕ್ಕದಲ್ಲಿ ಗಂಟೆ ಇದೆಯಾ?"
ಇಲ್ಲ.
"ಹಾಗಾದರೆ ಅದು ಯಾರದೋ ಡೋಲಿ, ಬಾಬುನಿ.
ಸೊನ್ನೆ ತುಂಬು. ನಾಲ್ಕಂಕ ಸುಮ್ಮನೆ ಬಿಡ್ತಾರಾ?"

ಬೆಳಗಿನ ಪಾಳಿಗೆ ಹೊರಟುಹೋದ.
ಹಗ್ಗದ ತುಂಡು ಪುಸ್ತಕದ ಮೇಲೆ ಕೂತಿತ್ತು,
ಗಾಳಿಗೆ ಹಾಳೆ ಮಗುಚಲಿಲ್ಲ.

ರಾಂಚಿಯ ಪರೀಕ್ಷೆಯಲ್ಲಿ ಅದು ಇಪ್ಪತ್ತೇಳನೆಯದಾಗಿ ಬಂತು,
ಕಿಲೋ ಬದಲಿಸಿ, ಕಟ್ಟಡ ಬದಲಿಸಿ.
ಪೆನ್ನು ಊರುವ ಮೊದಲು
ಬೆರಳ ಗೆಣ್ಣಿನಿಂದ ಡೆಸ್ಕಿಗೆ ಮೂರು ಸಲ ಬಡಿದೆ.
ಮೇಲ್ವಿಚಾರಕಿ ತಲೆಯೆತ್ತಿದರು.
ಏನಿಲ್ಲ ಮೇಡಂ.
ಇಪ್ಪತ್ತೆಂಟು: ಇಳಿಜಾರಿನ ಮೇಲೊಂದು ಮರದ ತುಂಡು.