ಕಣ್ಣ ಚಾಯದ ಮದಕ

ಪೆರ್ಲದಲ್ಲಿ ಬಸ್ಸಿಳಿದು ಗೇರುತೋಟ ದಾಟಿದರೆ ಮದಕ.
ಎಲೆ ಬಿದ್ದು ಕೊಳೆತೂ ಕೊಳೆತೂ
ನೀರಿಗೆ ಕಣ್ಣ ಚಾಯದ ಬಣ್ಣ.
‘ಸಕ್ಕರೆ ಹಾಕಿಲ್ಲ ಮಾರಾಯ್ತಿ’ ಅಂತ ಅವ್ವಮ್ಮ
ನೈಟಿ ಸಮೇತ ಧುಮುಕಿದಳು.
ಉಬ್ಬಿ ನಿಂತಿತು ಅವಳ ಸುತ್ತ ಹೂಹೂವಿನ ಗುಡಾರ.

ನಾನು ಮೆಟ್ಟಿಲಲ್ಲೇ.
ಮುರಕಲ್ಲು ಇನ್ನೂ ಬೆಚ್ಚಗಿತ್ತು.
ಮಂಗಳೂರಿನ ಆಸ್ಪತ್ರೆ
ಹೊಲಿದು ಕಳಿಸಿದ ಎಡಭಾಗವನ್ನು
ವರ್ಷವಾಯ್ತು, ಕನ್ನಡಿಗೂ ತೋರಿಸಿಲ್ಲ.

ಕೈ ಅದ್ದಿದೆ. ಮೊಣಗಂಟು ಮುಳುಗುವಷ್ಟರಲ್ಲಿ
ಬೆರಳು ಕಾಣೆ.
ಹೆಸರಿಗಷ್ಟೇ ಕಣ್ಣ;
ಈ ನೀರಿಗೆ ಕಣ್ಣಿಲ್ಲ.

ಇಳಿದೆ. ಸೊಂಟ, ಎದೆ, ಕುತ್ತಿಗೆ,
ಒಂದೊಂದಾಗಿ ನುಂಗಿತು ಕಂದು.
ಅವ್ವಮ್ಮ ಬೆನ್ನಡಿಗೆ ಅಂಗೈ ಕೊಟ್ಟು
‘ಬಿಡು, ಇನ್ನೂ ಬಿಡು’ ಅನ್ನುತ್ತಾ
ಯಾವಾಗ ಕೈ ತೆಗೆದಳೋ.

ಆ ಬಿಳಿ ಬೈರಾಸು ಹಿಂಡಿದರೆ
ಈಗಲೂ ತುಸು ಚಾ.